ಏಣಿ ಇಳಿದರೆ ಮನೆ: ಫ್ಯಾಂಟಸಿ ಆರ್‌ಪಿಜಿಗೆ ನೆನಪಿನಲ್ಲಿ ಉಳಿಯುವ ಲೆವೆಲ್ ಕಟ್ಟುವ ಬಗೆ

2011ರಲ್ಲಿ ಬಂದ ಡಾರ್ಕ್ ಸೋಲ್ಸ್ ಅನ್ನುವ ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಆಡುವ ವಿಡಿಯೊ ಗೇಮ್, ಆಡಿದವರಿಗೆ ಒಂದು ಏಣಿ ನೆನಪಿರುತ್ತದೆ. ಅಂಡೆಡ್ ಬರ್ಗ್ ಅನ್ನುವ ಹಾಳು ಪೇಟೆಯಲ್ಲಿ ಸತ್ತು ಸತ್ತು ಮುಂದೆ ಹೋಗಿರುತ್ತೀರಿ. ಕೋಟೆ ಗೋಡೆಯ ಮೇಲೆ ಟಾರಸ್ ಡೀಮನ್ ಎಂಬ ಕೊಂಬಿನ ದೈತ್ಯನನ್ನು ಹೇಗೋ ಕೆಡವಿರುತ್ತೀರಿ. ಮುಂದಿನ ಸೇತುವೆಗೆ ಕಾಲಿಟ್ಟರೆ ಕೆಂಪು ಡ್ರ್ಯಾಗನ್ ಹಾರಿ ಬಂದು ಬೆಂಕಿ ಸುರಿಯುತ್ತದೆ. ಜೀವ ಉಳಿದರೆ ಸಾಕು ಅಂತ ಪಕ್ಕದ ಮೆಟ್ಟಿಲಿಗೆ ನುಗ್ಗುತ್ತೀರಿ. ಸೇತುವೆಯ ಕೆಳಗೆ ಒಂದು ಮಡಚಿದ ಏಣಿ. ಒದೆಯುತ್ತೀರಿ, ಅದು ಧಡಾರನೆ ಬಿಚ್ಚಿಕೊಳ್ಳುತ್ತದೆ. ಇಳಿದು ನೋಡಿದರೆ ಎಷ್ಟೋ ಹೊತ್ತಿನ ಹಿಂದೆ ಬಿಟ್ಟು ಬಂದ ಅದೇ ಬಾನ್‌ಫೈರ್, ಸತ್ತಾಗಲೆಲ್ಲ ನೀವು ಮತ್ತೆ ಎದ್ದು ಬರುವ ಬೆಂಕಿಯ ಜಾಗ!

ಆ ಏಣಿಯಲ್ಲಿ ಹೊಸ ಆಯುಧ ಇಲ್ಲ, ಚಿನ್ನ ಇಲ್ಲ. ಆದರೂ ಆ ಕ್ಷಣಕ್ಕೆ ಸಿಗುವ ಖುಷಿ ಬಾಸ್, ಅಂದರೆ ಆ ದೈತ್ಯನಂಥ ದೊಡ್ಡ ಶತ್ರು, ಸತ್ತಾಗಲೂ ಸಿಗುವುದಿಲ್ಲ. ಯಾಕೆ? ದೂರ ಬಂದಿದ್ದೇನೆ ಅಂದುಕೊಂಡಿದ್ದ ನಿಮಗೆ, ಇಷ್ಟೂ ಹೊತ್ತು ಸುತ್ತಿದ್ದು ಮನೆಯ ತಲೆಯ ಮೇಲೆಯೇ ಅಂತ ಗೊತ್ತಾಗುತ್ತದೆ. ಅಲ್ಲಿಯವರೆಗೆ ಸಾಲಾಗಿ ಪೋಣಿಸಿದ ಕೋಣೆಗಳಾಗಿದ್ದದ್ದು ಒಮ್ಮೆಲೇ ಒಂದು ಊರಾಗುತ್ತದೆ.

ಈ ಲೇಖನ ಪೂರ್ತಿ ಅದರ ಮೇಲೆಯೇ ನಿಂತಿದೆ. ಲೆವೆಲ್ ಅಂದರೆ ಗೇಮಿನೊಳಗೆ ಆಟಗಾರ ಓಡಾಡುವ ಒಂದೊಂದು ಜಾಗ. ಆಟಗಾರ ಕಣ್ಣು ಮುಚ್ಚಿದರೂ ದಾರಿ ಹೇಳಬಲ್ಲ ಜಾಗವೇ ಒಳ್ಳೆಯ ಲೆವೆಲ್ ಅಂತ ನನ್ನ ಲೆಕ್ಕ. ಗ್ರಾಫಿಕ್ಸ್, ಸಂಗೀತ, ಬಾಸ್ ಎಲ್ಲ ಅದರ ನಂತರ. ಗೊಡೊ ಆಗಲಿ, ಅನ್‌ರಿಯಲ್ ಆಗಲಿ, ಗೇಮ್ ಕಟ್ಟುವ ಸಾಫ್ಟ್‌ವೇರ್ ಅಂದರೆ ಎಂಜಿನ್ ಯಾವುದು ಬಳಸಿದರೂ ಈ ಹೆಜ್ಜೆಗಳು ಬದಲಾಗುವುದಿಲ್ಲ. ಮೊದಲ ಕೆಲವಕ್ಕಂತೂ ಪೆನ್ಸಿಲ್, ರಬ್ಬರ್ ಇದ್ದರೆ ಸಾಕು.

ಉದಾಹರಣೆಗೆ ನನ್ನದೇ ಒಂದು ಲೆವೆಲ್ ಜೊತೆಗಿರಲಿ. ಹೆಸರು ಮುಳುಗಿದ ಊರು. ಒಂದು ದೊಡ್ಡ ಕೆರೆ, ಅದರ ಏರಿ, ಏರಿಯ ಮೇಲೊಂದು ಮಂಟಪ. ಕೆರೆಯೊಳಗೆ ಅರ್ಧ ಮುಳುಗಿದ ಹಳೆಯ ಊರು. ತೂಬು ಎತ್ತಿ ನೀರು ಬಿಡಬೇಕು. ಅಷ್ಟೇ ಕಥೆ.

ಹೆಜ್ಜೆ 1: ಒಂದೇ ಸಾಲಿನಲ್ಲಿ ಬರೆಯಿರಿ

ಈ ಜಾಗದಲ್ಲಿ ಆಟಗಾರ ಏನು ಮಾಡುತ್ತಾನೆ? ಒಂದು ಸಾಲಿನಲ್ಲಿ ಹೇಳಲು ಆಗದಿದ್ದರೆ ಲೆವೆಲ್ ಇನ್ನೂ ಹಣ್ಣಾಗಿಲ್ಲ ಅಂತ ಅರ್ಥ. "ಇದೊಂದು ನಿಗೂಢವಾದ ಕಾಡು" ಅನ್ನುವುದು ಲೆವೆಲ್ ಅಲ್ಲ, ಅದು ವಾಲ್‌ಪೇಪರ್.

2006ರ ಆಬ್ಲಿವಿಯನ್ ಅನ್ನುವ ಗೇಮಿನಲ್ಲಿ ಹೂಡನಿಟ್ ಅಂತ ಒಂದು ಕ್ವೆಸ್ಟ್, ಅಂದರೆ ಆಟಗಾರನಿಗೆ ಒಪ್ಪಿಸುವ ಕೆಲಸ, ಇದೆ. ಒಂದು ಬಂಗಲೆ, ಒಳಗೆ ಐವರು ಅತಿಥಿಗಳು. ಎಲ್ಲೋ ಬಚ್ಚಿಟ್ಟ ಚಿನ್ನದ ಪೆಟ್ಟಿಗೆ ಹುಡುಕಲು ಕರೆದಿದ್ದಾರೆ ಅಂತ ಅವರು ನಂಬಿದ್ದಾರೆ. ಆರನೆಯವರಾಗಿ ನೀವು ಒಳಗೆ ಹೋಗುತ್ತೀರಿ. ನಿಮ್ಮ ಕೆಲಸ ಅವರಷ್ಟೂ ಮಂದಿಯನ್ನು ಕೊಲ್ಲುವುದು, ಯಾರ ಕಣ್ಣಿಗೂ ಬೀಳದೆ ಮುಗಿಸಿದರೆ ಹೆಚ್ಚಿನ ಬಹುಮಾನ. ಆ ಗೇಮಿನಲ್ಲಿ ದೊಡ್ಡ ದೊಡ್ಡ ಗುಹೆಗಳಿವೆ, ಹಾಳು ಕೋಟೆಗಳಿವೆ. ಜನ ಇವತ್ತಿಗೂ ಮಾತಾಡುವುದು ಈ ಒಂದು ಮನೆಯ ಬಗ್ಗೆ. "ನಂಬಿದವರನ್ನು ಒಬ್ಬೊಬ್ಬರಾಗಿ ಮುಗಿಸು" ಅನ್ನುವ ಸಾಲಿನ ಬಲ ಅದು.

ನನ್ನ ಸಾಲು ಹೀಗಿದೆ: "ಎದುರಿಗೇ ಕಾಣುವ ತೂಬನ್ನು ತಲುಪಲು ಊರೆಲ್ಲ ಸುತ್ತು."

ಹೆಜ್ಜೆ 2: ಅಳತೆ ತೆಗೆಯಿರಿ

ಇದು ಬೇಜಾರಿನ ಕೆಲಸ, ಬೇಗ ಮುಗಿಸೋಣ. ನಿಮ್ಮ ಪಾತ್ರ ಎಷ್ಟು ಎತ್ತರ ಹಾರುತ್ತದೆ, ಒಂದು ಉರುಳಿಗೆ ಎಷ್ಟು ದೂರ ಹೋಗುತ್ತದೆ, ಕತ್ತಿ ಬೀಸಿದರೆ ಎಷ್ಟು ಜಾಗ ಬೇಕು, ಎಷ್ಟು ಎತ್ತರದಿಂದ ಬಿದ್ದರೆ ಸಾಯುತ್ತದೆ. ಇವನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿ. ಮುಂದೆ ಬರುವ ಬಾಗಿಲು, ಕಿಂಡಿ, ಮೆಟ್ಟಿಲು ಎಲ್ಲವೂ ಈ ಚೀಟಿಗೆ ಹೊಂದಬೇಕು. ಕ್ಯಾಮೆರಾ ಆಟಗಾರನ ಬೆನ್ನ ಹಿಂದಿದ್ದರೆ ನಿಜವಾದ ಮನೆಯ ಅಳತೆ ಕೆಲಸಕ್ಕೆ ಬರುವುದಿಲ್ಲ. ಬಾಗಿಲನ್ನೂ ಸೂರನ್ನೂ ದೊಡ್ಡದು ಮಾಡಲೇಬೇಕು, ಇಲ್ಲದಿದ್ದರೆ ಕ್ಯಾಮೆರಾ ಗೋಡೆಗೆ ಸಿಕ್ಕಿಕೊಳ್ಳುತ್ತದೆ.

ಹೆಜ್ಜೆ 3: ದೂರದಿಂದ ಕಾಣುವ ಗುರುತು ನೆಡಿ

ಹೊಸ ಊರಿಗೆ ಹೋದಾಗ ನಾವು ದಾರಿ ನೆನಪಿಡುವುದು ಹೇಗೆ? "ನೀರಿನ ಟ್ಯಾಂಕ್ ಎಡಕ್ಕಿದ್ದರೆ ಸರಿ ದಾರಿ." ಲೆವೆಲ್‌ನಲ್ಲೂ ಅಷ್ಟೇ. ಎಲ್ಲಿ ನಿಂತರೂ ಆಗಾಗ ಕಣ್ಣಿಗೆ ಬೀಳುವ ಒಂದು ಎತ್ತರದ ವಸ್ತು ಬೇಕು. ಒಂದೇ ಸಾಕು. ಮೂರು ನಾಲ್ಕು ಇಟ್ಟರೆ ಯಾವುದೂ ಗುರುತಾಗಿ ಉಳಿಯುವುದಿಲ್ಲ.

ಮುಳುಗಿದ ಊರಿನಲ್ಲಿ ಗುರುತು ಅಂದರೆ ನೀರಿನ ಮೇಲೆ ಎದ್ದು ನಿಂತ ಗುಡಿಯ ಗೋಪುರ. ಗುರಿ ಅಂದರೆ ತೂಬಿನ ಕಲ್ಲುಕಂಬಗಳು. ಏರಿಯ ಮಂಟಪದಿಂದ ನೋಡಿದರೆ ತೂಬು ಕಲ್ಲೆಸೆತದ ದೂರದಲ್ಲಿದೆ. ನಡುವೆ ನೀರು. ಗುರಿ ಮೊದಲ ನಿಮಿಷದಲ್ಲೇ ಕಂಡಿದೆ, ಆದರೆ ಕೈಗೆ ಎಟುಕುವುದಿಲ್ಲ. ಹೀಗೆ ಆಸೆ ಹುಟ್ಟಿಸುವುದು ಬಾಣದ ಗುರುತು ಹಾಕುವುದಕ್ಕಿಂತ ಮೇಲು.

ಕಷ್ಟವನ್ನೂ ಕೈಕಂಬವಾಗಿ ಬಳಸಬಹುದು. ಡಾರ್ಕ್ ಸೋಲ್ಸ್ ಶುರುವಿನಲ್ಲಿ ಫೈರ್‌ಲಿಂಕ್ ಶ್ರೈನ್ ಅನ್ನುವ ತಂಗುದಾಣದಿಂದ ಹೊರಡಲು ಮೂರು ದಾರಿಗಳಿವೆ. ಸ್ಮಶಾನದ ಕಡೆ ಹೋದರೆ ಅಸ್ಥಿಪಂಜರಗಳು ಚಚ್ಚಿ ಹಾಕುತ್ತವೆ. ಕೆಳಗೆ ನ್ಯೂ ಲಂಡೋಗೆ ಇಳಿದರೆ ಅಲ್ಲಿನ ದೆವ್ವಗಳಿಗೆ ನಿಮ್ಮ ಕತ್ತಿ ತಾಗುವುದೇ ಇಲ್ಲ. ಉಳಿದದ್ದು ಮೇಲಕ್ಕೆ ಹೋಗುವ ದಾರಿ, ಅಂಡೆಡ್ ಬರ್ಗ್ ಕಡೆಗೆ. ಎಷ್ಟೋ ಜನ ಇದು ಅರ್ಥವಾಗದೆ ಸ್ಮಶಾನದಲ್ಲೇ ತಲೆ ಚಚ್ಚಿಕೊಂಡು ಗೇಮ್ ಬಿಟ್ಟಿದ್ದಾರೆ, ಅದೂ ನಿಜ. ನಾನೂ ಒಂದು ಭಾನುವಾರ ಪೂರ್ತಿ ಹಾಳು ಮಾಡಿಕೊಂಡೆ. ಹಾಗಾಗಿ ಈ ಉಪಾಯವನ್ನು ಉಪ್ಪಿನ ಹಾಗೆ ಬಳಸಿ.

ಹೆಜ್ಜೆ 4: ದಾರಿಯನ್ನು ಸುತ್ತಿಸಿ ಮನೆಗೆ ತನ್ನಿ

ಇದೇ ಲೆವೆಲ್‌ನ ಬೆನ್ನೆಲುಬು. ಇಲ್ಲಿ ಜಾಸ್ತಿ ಹೊತ್ತು ಕೂರಿ.

ಮೊದಲು ಕಾಗದದ ಮೇಲೆ ಗೋಡೆ ಬಿಡಿಸಬೇಡಿ. ಬರೀ ಸೊನ್ನೆಗಳನ್ನು ಬರೆಯಿರಿ. ಒಂದೊಂದು ಸೊನ್ನೆಯೂ ಒಂದೊಂದು ಜಾಗ. ಅವುಗಳ ನಡುವೆ ಗೆರೆ ಎಳೆಯಿರಿ. ಎಲ್ಲ ಸೊನ್ನೆಗಳೂ ಒಂದೇ ಸಾಲಿನಲ್ಲಿ ಬಂದರೆ ಅದು ಮಣಿಸರ. ಮಣಿಸರದಲ್ಲಿ ಕೊನೆ ಮುಟ್ಟಿದವನಿಗೆ ಎರಡೇ ದಾರಿ: ಬಂದ ಹಾಗೇ ವಾಪಸ್ ನಡೆಯಬೇಕು, ಇಲ್ಲವೇ ಲೋಡಿಂಗ್ ಸ್ಕ್ರೀನ್ ನೋಡಬೇಕು. ಈಗ ಕೊನೆಯ ಸೊನ್ನೆಯಿಂದ ಮೊದಲನೆಯದಕ್ಕೆ ಒಂದು ಗೆರೆ ಎಳೆದು ನೋಡಿ. ಸರ ಬಳೆಯಾಯಿತು. ನಡುವೆ ಇನ್ನೊಂದು ಅಡ್ಡಗೆರೆ ಎಳೆದರೆ ಬಲೆಯಾಗುತ್ತದೆ.

ಇದು ವಿಡಿಯೊ ಗೇಮ್‌ಗಳು ಕಂಡುಹಿಡಿದದ್ದಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂತು. ಮೇಜಿನ ಸುತ್ತ ಕೂತು ಕಾಗದದ ಮೇಲೆ ಆಡುವ ಆಟ ಅದು. ಐದೇ ವರ್ಷದಲ್ಲಿ ಜೆನೆಲ್ ಜಾಕ್ವೇಸ್ ಅನ್ನುವ ಡಿಸೈನರ್ ಅದಕ್ಕೆ "ಥ್ರೇಸಿಯಾದ ಗುಹೆಗಳು" ಅನ್ನುವ ನಕ್ಷೆ ಬಿಡಿಸಿದರು. ಒಳಗೆ ಹೋಗಲು ಒಂದಕ್ಕಿಂತ ಹೆಚ್ಚು ಬಾಯಿ, ಸುತ್ತಿ ಬರುವ ದಾರಿಗಳು, ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಗುಟ್ಟಿನ ಇಳಿಜಾರು. ಇಂಥ ನಕ್ಷೆ ಬಿಡಿಸುವ ಕೆಲಸಕ್ಕೆ ಅವರ ಹೆಸರನ್ನೇ ಕ್ರಿಯಾಪದ ಮಾಡಿಕೊಂಡು ಡಿಸೈನರ್‌ಗಳು ಇವತ್ತಿಗೂ ಬಳಸುತ್ತಾರೆ.

ವಾಪಸ್ ಬರುವ ದಾರಿ ಮೊದಲೇ ತೆರೆದಿರಬಾರದು, ಅಲ್ವಾ? ತೆರೆದಿದ್ದರೆ ಎಲ್ಲರೂ ಅಲ್ಲಿಂದಲೇ ನುಗ್ಗುತ್ತಾರೆ. ಅದಕ್ಕೆ ಮೂರು ಹಳೆಯ ಉಪಾಯಗಳಿವೆ. ಮೇಲಿನಿಂದ ಮಾತ್ರ ಒದೆಯಬಹುದಾದ ಏಣಿ. ಆ ಕಡೆಯಿಂದ ಅಗಳಿ ಹಾಕಿದ ಬಾಗಿಲು. ಮೇಲೆ ನಿಂತಿರುವ ಲಿಫ್ಟ್. ಮೂರರಲ್ಲಿ ನನಗೆ ಬಾಗಿಲು ಇಷ್ಟ. ಅದನ್ನು ಮೊದಲೇ ತಳ್ಳಿ ನೋಡಿ, ತೆರೆಯದೆ ಮುಂದೆ ಹೋಗಿರುತ್ತೀರಿ. ಎಷ್ಟೋ ಹೊತ್ತಿನ ನಂತರ ಒಂದು ಅಗಳಿ ತೆಗೆದಾಗ, "ಅರೆ, ಆ ಬಾಗಿಲು!" ಅಂತ ತಲೆಯಲ್ಲಿ ದೀಪ ಹತ್ತುತ್ತದೆ.

ಎತ್ತರವನ್ನು ಮರೆಯಬೇಡಿ. ಅಂಡೆಡ್ ಬರ್ಗ್‌ನ ನಂತರ ಬರುವ ಪ್ಯಾರಿಷ್‌ನ ಚರ್ಚಿನಲ್ಲಿ ಒಂದು ಲಿಫ್ಟ್ ಇದೆ. ಹತ್ತಿದರೆ ಕೆಳಗೆ, ಕೆಳಗೆ, ಇನ್ನೂ ಕೆಳಗೆ ಇಳಿದು ಮೊದಲು ಹೊರಟಿದ್ದ ಫೈರ್‌ಲಿಂಕ್ ಶ್ರೈನ್‌ಗೇ ತಂದು ಬಿಡುತ್ತದೆ. ಗಂಟೆಗಟ್ಟಲೆ ಹತ್ತಿದ್ದನ್ನು ಒಂದು ನಿಮಿಷದೊಳಗೆ ಇಳಿದಿರುತ್ತೀರಿ. ಮಟ್ಟಸವಾದ ನೆಲದಲ್ಲಿ ಈ ಜಾದೂ ಆಗುವುದಿಲ್ಲ. ಮೇಲೆ ಕೆಳಗೆ ಇದ್ದರೆ ಎರಡು ಜಾಗಗಳು ಹತ್ತಿರವೇ ಇದ್ದೂ ದೂರ ಅನ್ನಿಸುತ್ತವೆ.

ಇನ್ನೊಂದು ಮಾತು. ಈ ಶಾರ್ಟ್‌ಕಟ್‌ಗಳಿಗೆ ಇಷ್ಟು ಬೆಲೆ ಬಂದದ್ದು ಆ ಗೇಮಿನ ಮೊದಲರ್ಧದಲ್ಲಿ ಬೇಕೆಂದಲ್ಲಿಗೆ ಮಾಯವಾಗಿ ಹಾರುವ ಸೌಲಭ್ಯ ಇಲ್ಲದ್ದರಿಂದ. ಲಾರ್ಡ್‌ವೆಸೆಲ್ ಅನ್ನುವ ಮಾಯದ ಪಾತ್ರೆ ಸಿಕ್ಕ ಮೇಲೆಯೇ ಅದು. ನಿಮ್ಮ ಗೇಮಿನಲ್ಲಿ ಮ್ಯಾಪ್ ಒತ್ತಿದರೆ ಎಲ್ಲಿಗೆ ಬೇಕಾದರೂ ಹೋಗಬಹುದು ಅಂತಿದ್ದರೆ ನೂರು ಏಣಿ ಇಟ್ಟರೂ ಯಾರೂ ಒದೆಯುವುದಿಲ್ಲ. ಎರಡರಲ್ಲಿ ಒಂದನ್ನು ಈಗಲೇ ಆರಿಸಿಕೊಳ್ಳಿ.

ಮುಳುಗಿದ ಊರಿನ ಬಳೆ ಹೀಗೆ ತಿರುಗುತ್ತದೆ. ಮಂಟಪದಿಂದ ಏರಿಯ ಮೇಲೆ ನಡೆದು ಕೋಡಿಗೆ. ಕೋಡಿಯ ಜಾರು ಬಂಡೆ ದಾಟಿ ಊರಿನ ಮನೆಗಳ ಮಾಳಿಗೆಗೆ. ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾ ಗುಡಿಗೆ. ಗುಡಿಯ ಹಿಂದಿನ ಪೌಳಿ ಗೋಡೆಯ ಮೇಲೆ ನಡೆದು, ಹಿಂಬದಿಯಿಂದ ತೂಬಿಗೆ. ತೂಬು ಎತ್ತಿದರೆ ನೀರು ಇಳಿಯುತ್ತದೆ. ನೀರಿನಡಿ ಅಡಗಿದ್ದ ಕಲ್ಲು ಮೆಟ್ಟಿಲುಗಳು ಒಂದೊಂದಾಗಿ ಮೇಲೇಳುತ್ತವೆ. ಹತ್ತಿದರೆ ಎದುರಿಗೆ ಮಂಟಪ. ಇಷ್ಟಕ್ಕೇ ಮುಗಿಯುವುದಿಲ್ಲ. ಈಗ ಊರಿನ ಬೀದಿಗಳು ಬರಿದಾಗಿವೆ. ಮಾಳಿಗೆಯ ಮೇಲಿಂದ ನೋಡಿದ್ದ ಅದೇ ಊರಿನಲ್ಲಿ ಎರಡನೇ ಸಲ ಬೀದಿಯಲ್ಲೇ ನಡೆಯಬಹುದು. ಒಂದು ಊರು ಕಟ್ಟಿದ ಖರ್ಚಿನಲ್ಲಿ ಎರಡು ಲೆವೆಲ್! ಒಬ್ಬರೇ ಕೂತು ಗೇಮ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದಿಲ್ಲ.

ಹೆಜ್ಜೆ 5: ಮೊದಲು ಕಲಿಸಿ, ಆಮೇಲೆ ಪರೀಕ್ಷೆ ಮಾಡಿ

ಗೊತ್ತಿಲ್ಲದ ವಿಷಯಕ್ಕೆ ಸತ್ತರೆ ಆಟಗಾರನಿಗೆ ಸಿಟ್ಟು ಬರುತ್ತದೆ. ಗೊತ್ತಿದ್ದೂ ಮೈಮರೆತು ಸತ್ತರೆ ನಗು ಬರುತ್ತದೆ. ಈ ನಗುವೇ ನಮಗೆ ಬೇಕಾದದ್ದು.

ಆ ಟಾರಸ್ ಡೀಮನ್‌ನನ್ನೇ ನೋಡಿ. ಇಕ್ಕಟ್ಟಾದ ಕೋಟೆ ಗೋಡೆ, ಎದುರಿಗೆ ಬೆಟ್ಟದಂಥ ದೈತ್ಯ. ಆದರೆ ನೀವು ಒಳಗೆ ಬಂದ ಬಾಗಿಲಿನ ಹತ್ತಿರ ಒಂದು ಏಣಿ ಇದೆ, ಮೇಲೆ ಬುರುಜು. ಬುರುಜಿನಲ್ಲಿ ಇಬ್ಬರು ಬಿಲ್ಲಿನವರು ಬೆನ್ನಿಗೆ ಬಾಣ ಬಿಡುತ್ತಿರುತ್ತಾರೆ. ಅವರನ್ನು ಮುಗಿಸಲು ಏಣಿ ಹತ್ತಿದವನಿಗೆ ಕೆಳಗೆ ದೈತ್ಯನ ತಲೆ ಕಾಣುತ್ತದೆ. ಅಲ್ಲಿಂದ ಕತ್ತಿ ಹಿಡಿದು ಧುಮುಕಿದರೆ ಒಂದೇ ಏಟಿಗೆ ದೊಡ್ಡ ಗಾಯ. ಇದು ಆಟಗಾರನಿಗೆ ಹೇಗೆ ಹೊಳೆಯಬೇಕು? ಗೇಮಿನ ಮೊಟ್ಟಮೊದಲ ಬಾಸ್‌ನನ್ನು ಮೇಲಿಂದ ಧುಮುಕಿಯೇ ಹೊಡೆಯುವಂತೆ, ನೆಲದ ಮೇಲೆ ಬರೆದ ಸೂಚನೆಯ ಜೊತೆ, ಆಗಲೇ ಕಲಿಸಿ ಆಗಿದೆ. ಇಲ್ಲಿ ಸೂಚನೆ ಇಲ್ಲ. ಏಣಿ ಹತ್ತಿಸುವ ಕೆಲಸ ಮಾತ್ರ ಆ ಬಿಲ್ಲಿನವರದ್ದು. ನನ್ನ ಕಣ್ಣಿಗೆ ಅವರು ಶತ್ರುಗಳಲ್ಲ, ಮೇಷ್ಟ್ರುಗಳು.

ಡ್ರ್ಯಾಗನ್ ಕೂಡ ಸುಮ್ನೆ ಬಂದದ್ದಲ್ಲ. ಬರ್ಗ್‌ಗೆ ಬಂದ ಹೊಸದರಲ್ಲೇ ಅದು ತಲೆಯ ಮೇಲೆ ಬಂದು ಕೂತು ಹಾರಿ ಹೋಗಿರುತ್ತದೆ. ಸೇತುವೆಯ ಮೇಲೆ ಸುಟ್ಟ ಕಪ್ಪು ಕಲೆಗಳಿವೆ. ನೋಡದೆ ಓಡಿದ್ದು ನಮ್ಮ ತಪ್ಪು.

ಕಲಿಸುವುದಕ್ಕೆ ನಾನು ಇಟ್ಟುಕೊಂಡಿರುವ ಕ್ರಮ ಹೀಗಿದೆ. ಮೊದಲ ಸಲ ಅಪಾಯ ಕಾಣಬೇಕು, ಆದರೆ ಸಾಯಿಸಬಾರದು. ಎರಡನೇ ಸಲ ತಪ್ಪಿದರೆ ಏಟು ಬೀಳಬೇಕು. ಮೂರನೇ ಸಲ ಅದರ ಜೊತೆ ಇನ್ನೊಂದು ಅಪಾಯ ಸೇರಬೇಕು. ಡಾರ್ಕ್ ಸೋಲ್ಸ್‌ನದೇ ಸೆನ್ಸ್ ಫೋರ್ಟ್ರೆಸ್‌ನಲ್ಲಿ ಕಿರಿದಾದ ಸೇತುವೆಯ ಮೇಲೆ ತೂಗುವ ಕೊಡಲಿಗಳನ್ನು ದಾಟಬೇಕು. ಕಷ್ಟವೇನಲ್ಲ, ಕೈ ಕೂತರೆ ಲಯ ಸಿಗುತ್ತದೆ. ಮುಂದಿನ ಸಲ ಅದನ್ನೇ ದಾಟುವಾಗ ದೂರದಲ್ಲಿ ನಿಂತ ಹಾವಿನ ತಲೆಯವನೊಬ್ಬ ಮಿಂಚು ಎಸೆಯುತ್ತಾನೆ. ಎರಡೂ ಗೊತ್ತಿರುವ ಸಂಗತಿಗಳೇ. ಒಟ್ಟಿಗೆ ಬಂದಾಗ ಬೆವರು.

ನನ್ನ ಕೆರೆಗೆ ಒಂದು ತೊಂದರೆ ಇತ್ತು. ತೂಬು ಹತ್ತಿರವೇ ಕಾಣುವಾಗ ಈಜಿ ಹೋಗಬಾರದೇಕೆ? ಮೊದಲು ಕಾಣದ ಗೋಡೆ ಹಾಕಿದ್ದೆ. ಅದು ನಾಚಿಕೆಗೇಡು. ಈಗ ಮಂಟಪದ ಕೆಳಗೆ ಮೊಣಕಾಲುದ್ದ ನೀರಿದೆ. ಅಲ್ಲಿ ಕಾಲಿಟ್ಟರೆ ಒಂದು ಬಿಳಿಚಿದ ಕೈ ಪಾದ ಹಿಡಿಯುತ್ತದೆ. ಬಿಡಿಸಿಕೊಂಡು ಬರಬಹುದು. ಆಮೇಲೆ ಕೋಡಿಯಲ್ಲಿ ಸೊಂಟದ ಮಟ್ಟದ ನೀರು, ಮೂರು ಕೈ. ಅಷ್ಟಾದ ಮೇಲೆ ಆಳದ ನೀರಿಗೆ ಇಳಿಯುವ ಯೋಚನೆ ಯಾರೂ ಮಾಡುವುದಿಲ್ಲ. ಒಂದು ಅಕ್ಷರ ಸೂಚನೆ ಬರೆಯಬೇಕಾಗಲಿಲ್ಲ.

ಹೆಜ್ಜೆ 6: ಕತ್ತಿ ಇಲ್ಲದವನಿಗೂ ಬಾಗಿಲಿರಲಿ

ಆರ್‌ಪಿಜಿ ಉಳಿದ ಆಟಗಳಿಂದ ಬೇರೆಯಾಗುವುದು ಇಲ್ಲಿ. ಒಬ್ಬ ಮೈತುಂಬ ಕವಚ ತೊಟ್ಟು ಬರುತ್ತಾನೆ, ಒಬ್ಬಳು ಬರೀ ಮಾತಿನ ಚಾಲಾಕಿ. ಇಬ್ಬರಿಗೂ ಅದೇ ಲೆವೆಲ್. ಇಬ್ಬರಿಗೂ ಒಂದೇ ಅನುಭವ ಆದರೆ ಆ ಪಾತ್ರ ಕಟ್ಟಿಕೊಂಡದ್ದು ವ್ಯರ್ಥ.

2023ರ ಬಾಲ್ಡರ್ಸ್ ಗೇಟ್ 3 ಅನ್ನುವ ಗೇಮಿನ ಗಾಬ್ಲಿನ್ ಕ್ಯಾಂಪ್, ಅಂದರೆ ಕುಳ್ಳ ರಾಕ್ಷಸರ ಪಾಳೆಯ, ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಮೂವರು ನಾಯಕರಿದ್ದಾರೆ. ಬಾಗಿಲಲ್ಲೇ ಕಾದಾಡಬಹುದು. ಕಾವಲಿನವರನ್ನು ಮಾತಲ್ಲಿ ಮರುಳು ಮಾಡಿ ರಾಜಾರೋಷವಾಗಿ ಒಳಗೆ ನಡೆಯಬಹುದು. ಅಂಗಳದಲ್ಲಿ ಕುಣಿದು ಕುಪ್ಪಳಿಸುತ್ತಿರುವವರ ಹೆಂಡಕ್ಕೆ ವಿಷ ಹಾಕಬಹುದು. ಅಷ್ಟೇಕೆ, ನಾಯಕಿ ಮಿಂತಾರಾ ಜೊತೆ ಸೇರಿ ನೀವು ಕಾಪಾಡಬೇಕಿದ್ದವರ ಮೇಲೇ ದಂಡೆತ್ತಿ ಹೋಗಬಹುದು.

ಇಷ್ಟೆಲ್ಲ ಮಾಡಲು ನಮ್ಮ ಹತ್ತಿರ ಜನ ಇಲ್ಲ, ದುಡ್ಡೂ ಇಲ್ಲ. ಮುಖ್ಯವಾದ ಒಂದು ತಡೆಯನ್ನು ಮಾತ್ರ ಹಿಡಿದುಕೊಳ್ಳಿ. ಅದಕ್ಕೆ ಬಲದಿಂದ ಒಂದು, ಮಾತಿನಿಂದ ಒಂದು, ಗುಟ್ಟಾಗಿ ಒಂದು ದಾರಿ ಕೊಡಿ. ನನ್ನ ಲೆವೆಲ್‌ನಲ್ಲಿ ತೂಬು ಎತ್ತುವ ಕಬ್ಬಿಣದ ಸಲಾಕೆ ಸತ್ತ ನೀರುಗಂಟಿಯ ಕೈಯಲ್ಲಿದೆ. ಗುಡಿಯ ಮುಂದೆ ಕೂತಿದ್ದಾನೆ. ಅವನನ್ನು ಸೋಲಿಸಿ ಕಿತ್ತುಕೊಳ್ಳಬಹುದು. ಅವನ ಮನೆ ಹುಡುಕಿ, ಮುಳುಗಿ ಸತ್ತ ಅವನ ಮಕ್ಕಳಿಗೆ ಎಡೆ ಇಟ್ಟು ಬಂದರೆ ಅವನೇ ಎದ್ದು ಕೊಡುತ್ತಾನೆ. ಇಲ್ಲವೇ ಅವನು ಎದ್ದು ಗುಡಿ ಸುತ್ತು ಹಾಕುವ ಹೊತ್ತು ನೋಡಿ ಕದಿಯಬಹುದು. ಮೂರಕ್ಕೂ ಮುಂದೆ ಒಂದೊಂದು ಫಲ ಬರಬೇಕು. ಕದ್ದವನಿಗೆ ನೀರು ಇಳಿದ ಮೇಲೆ ಬೀದಿಯಲ್ಲಿ ನೀರುಗಂಟಿ ಎದುರಾಗುತ್ತಾನೆ, ಬರಿಗೈಯಲ್ಲಿ.

ಹೆಜ್ಜೆ 7: ಉಸಿರಾಡಲು ಬಿಡಿ

ಟಾರಸ್ ಡೀಮನ್ ಸತ್ತ ಕೂಡಲೇ ಒಂದು ಪುಟ್ಟ ಕಟ್ಟೆಯಲ್ಲಿ ಸೋಲೇರ್ ಅನ್ನುವವನು ಸೂರ್ಯನನ್ನು ನೋಡುತ್ತಾ ನಿಂತಿರುತ್ತಾನೆ. ಹೊಡೆದಾಟ ಇಲ್ಲ. ಸುಮ್ನೆ ಮಾತು, ಬೆಳಕು. ಅವನನ್ನು ದಾಟಿದರೆ ಡ್ರ್ಯಾಗನ್ ಸೇತುವೆ. ಗಲಾಟೆಗಳ ನಡುವೆ ಇಂಥದ್ದೊಂದು ಜಗುಲಿ ಇಡದಿದ್ದರೆ ಯಾವ ಗಲಾಟೆಯೂ ದೊಡ್ಡದು ಅನ್ನಿಸುವುದಿಲ್ಲ. ನಾನು ಗುಡಿಯ ಗೋಪುರದ ನೆರಳಲ್ಲಿ ಒಂದು ಒಣ ಕಟ್ಟೆ ಬಿಟ್ಟಿದ್ದೇನೆ. ಅಲ್ಲಿ ನಿಂತರೆ ದೂರದ ಮಂಟಪದ ದೀಪ ಕಾಣುತ್ತದೆ.

ಹೆಜ್ಜೆ 8: ಬೂದು ಡಬ್ಬಗಳಲ್ಲೇ ಆಡಿಸಿ ನೋಡಿ

ಈಗ ಎಂಜಿನ್ ತೆರೆಯಿರಿ. ಬಣ್ಣ, ಟೆಕ್ಸ್ಚರ್ ಏನೂ ಬೇಡ. ಬರೀ ಬೂದು ಡಬ್ಬಗಳಿಂದ ಕಟ್ಟಿ. ಒಮ್ಮೆ ಗೋಪುರಕ್ಕೆ ಚಂದದ ಕೆತ್ತನೆ ಹಾಕಿಬಿಟ್ಟರೆ ಅದನ್ನು ಸರಿಸಲು ನಿಮಗೇ ಮನಸ್ಸು ಬರುವುದಿಲ್ಲ.

ಆಮೇಲೆ ಯಾರನ್ನಾದರೂ ಆಡಲು ಕೂರಿಸಿ. ಬಾಯಿ ಮುಚ್ಚಿಕೊಂಡು ನೋಡಿ. ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. "ಅಲ್ಲಿ ಅಲ್ಲ, ಎಡಕ್ಕೆ ನೋಡು" ಅಂತ ನಾಲಿಗೆ ತುದಿಗೆ ಬಂದಿರುತ್ತದೆ. ನುಂಗಿಕೊಳ್ಳಿ. ಎಲ್ಲಿ ನಿಂತು ಸುತ್ತ ನೋಡಿದರು, ಎಲ್ಲಿ ಎರಡು ಸಲ ಹಿಂದೆ ತಿರುಗಿದರು, ಎಲ್ಲಿ ಸತ್ತು ನಕ್ಕರು, ಎಲ್ಲಿ ಸತ್ತು ಫೋನ್ ತೆಗೆದರು, ಬರೆದುಕೊಳ್ಳಿ.

ಆಟ ಮುಗಿದ ಮೇಲೆ "ಹೇಗಿತ್ತು?" ಅಂತ ಕೇಳಬೇಡಿ. ನಮ್ಮವರು "ಚೆನ್ನಾಗಿದೆ" ಅಂದೇ ಅನ್ನುತ್ತಾರೆ. ಒಂದು ಹಾಳೆ, ಪೆನ್ನು ಕೊಟ್ಟು, "ನಕ್ಷೆ ಬಿಡಿಸು" ಅನ್ನಿ.

ನಾನು ಮೊದಲು ಕೂರಿಸಿದ್ದು ಚಿಕ್ಕಪ್ಪನ ಮಗನನ್ನು. ಏರಿ, ಕೋಡಿ, ಮಾಳಿಗೆಗಳು, ಗುಡಿ, ಎಲ್ಲ ಸರಿಯಾಗಿ ಬಿಡಿಸಿದ. ತೂಬನ್ನು ಮಾತ್ರ ಗುಡಿಯ ಆಚೆ ದಡದಲ್ಲಿ, ಮಂಟಪದಿಂದ ಎಷ್ಟೋ ದೂರ ಬರೆದ. ಮೆಟ್ಟಿಲು ಮೇಲೆದ್ದು ಮಂಟಪ ಎದುರಿಗೆ ಬಂದಾಗ ಅವನಿಗೆ ಅದು ಇನ್ನೊಂದು ಹೊಸ ಮಂಟಪ ಅನ್ನಿಸಿತ್ತಂತೆ. ಅಷ್ಟು ದಿನ ಕಟ್ಟಿದ ಬಳೆ ಅವನ ತಲೆಯಲ್ಲಿ ಕೂಡಿಕೊಂಡೇ ಇರಲಿಲ್ಲ.

"ಅಣ್ಣ, ಎರಡೂ ಒಂದೇನಾ?" ಅಂತ ಕೇಳಿದ.

ತಪ್ಪು ಅವನದ್ದಲ್ಲ. ಪೌಳಿ ಗೋಡೆಯ ಮೇಲೆ ನಡೆಯುವಾಗ ದಾರಿ ನಾಲ್ಕು ಸಲ ತಿರುಗುತ್ತಿತ್ತು, ಆ ಹೊತ್ತಿಗೆ ಮಂಟಪ ಎಲ್ಲೂ ಕಾಣುತ್ತಿರಲಿಲ್ಲ. ಜೊತೆಗೆ ಮಂಟಪದಲ್ಲಿ ಅದನ್ನು ಗುರುತು ಹಿಡಿಯುವಂಥದ್ದು ಏನೂ ಇರಲಿಲ್ಲ, ಬೂದು ಡಬ್ಬ ತಾನೆ. ಎರಡು ತಿರುವು ತೆಗೆದೆ. ಗೋಡೆಯಲ್ಲಿ ಒಂದು ಕಿಂಡಿ ಕೊರೆದೆ, ಅದರಿಂದ ಮಂಟಪದ ದೀಪ ಕಾಣುವ ಹಾಗೆ. ಮಂಟಪದ ಒಂದು ಕಂಬವನ್ನು ಮುರಿದು ಅಡ್ಡ ಬೀಳಿಸಿದೆ. ಆಟ ಶುರುವಾಗುವಾಗ ಅದನ್ನು ದಾಟಿಕೊಂಡೇ ಹೊರಡಬೇಕು.

ಮುಂದಿನ ವಾರ ಅವನ ಗೆಳತಿಯನ್ನು ಕೂರಿಸಿದೆ. ನೀರು ಇಳಿಯಿತು, ಮೆಟ್ಟಿಲು ಎದ್ದವು, ಹತ್ತಿದಳು. ಬಿದ್ದ ಕಂಬ ಕಂಡ ಕೂಡಲೇ ಕಂಟ್ರೋಲರ್ ಕೆಳಗಿಟ್ಟು, "ಹೋ, ಇಲ್ಲೇ ಇತ್ತಾ!" ಅಂದಳು. ಅವತ್ತು ರಾತ್ರಿಯೇ ಗೋಪುರಕ್ಕೆ ಕೆತ್ತನೆ ಹಾಕಲು ಕೂತೆ.